ಕೋಲಾರದ ಕಲ್ಲುಗಳನ್ನು ಓದಿದ ಮಗ ಬೆಳೆದ ಮನೆ

ಕೋಲಾರ ಸೀಮೆಯ ಯಾವ ಊರಿನ ಚರಿತ್ರೆ ಬರೆಯೋಕೆ ಕೂತರೂ ಮೊದಲು ತೆರೆಯಬೇಕಾದ ಪುಸ್ತಕ ಒಂದಿದೆ. 1905ರಲ್ಲಿ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿ ಗೋಡೆಯಲ್ಲಿ ಇದ್ದ ಶಾಸನಗಳನ್ನು ಹುಡುಕಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ತಾಲೂಕುವಾರು ವಿಂಗಡಿಸಿ, ಒಂದೊಂದಕ್ಕೂ ನಂಬರ್ ಕೊಟ್ಟ ಪುಸ್ತಕ ಅದು. ಇಂಜಿನಿಯರಿಂಗ್ ಓದಿ ಬಂದ ನನ್ನ ಕಣ್ಣಿಗೆ ಅದು ಡೇಟಾಬೇಸ್ ಥರಾನೇ ಕಾಣಿಸುತ್ತೆ: ತಾಲೂಕಿಗೊಂದು ಸಂಕೇತ, ಕಲ್ಲಿಗೊಂದು ಸಂಖ್ಯೆ. ನೂರು ವರ್ಷ ದಾಟಿದರೂ ಸಂಶೋಧಕರು ಆ ಕಲ್ಲುಗಳನ್ನು ಅದೇ ಸಂಖ್ಯೆಯಿಂದ ಗುರುತಿಸುತ್ತಾರೆ.

ಇದನ್ನು ಮಾಡಿದವರು ಬೆಂಜಮಿನ್ ಲೂಯಿಸ್ ರೈಸ್. ನಮಗೆ ಬಿ.ಎಲ್. ರೈಸ್. ಶಾಲೆಯಲ್ಲಿ ಇವರು ಒಂದು ಅಂಕದ ಪ್ರಶ್ನೆಗೆ ಉತ್ತರ. ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗೂ ಹೆಚ್ಚುಕಡಿಮೆ ಅಷ್ಟೇ. ಇಂಗ್ಲೆಂಡಿನಿಂದ ಬಂದ ಯಾರೋ ದೊರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಒಬ್ಬ ಪಾದ್ರಿಯ ಮನೆಯಲ್ಲಿ. ಶಾಸನಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಕುತೂಹಲ ಇರೋದು ಆ ಮನೆಯ ಬಗ್ಗೆ. ಒಂದು ಕ್ರೈಸ್ತ ಮನೆ, ಅದೂ ಮತಪ್ರಚಾರಕ್ಕೆಂದೇ ಹಡಗು ಹತ್ತಿ ಬಂದವರ ಮನೆ, ಮಕ್ಕಳನ್ನು ಹೇಗೆ ಬೆಳೆಸಿತು? ಶಿವಾಲಯದ, ಬಸದಿಯ ಕಲ್ಲು ಓದುವುದರಲ್ಲೇ ಆಯುಷ್ಯ ಕಳೆದ ಮಗ ಅಲ್ಲಿಂದ ಹೇಗೆ ಬಂದ?

ಈ ಪ್ರಶ್ನೆ ಈಗ ಯಾಕೆ ಅಂದರೆ, ಕ್ರೈಸ್ತರ ಮನೆಯೊಳಗೆ ಏನು ನಡೆಯುತ್ತೆ ಅನ್ನೋದು ನಮ್ಮ ಕಡೆ ಬೀದಿಯ ವಿಚಾರಣೆಯ ವಿಷಯವಾಗಿದೆ. 2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹೋಗಿ ಕ್ರೈಸ್ತ ಪುಸ್ತಕ ಹಂಚುತ್ತಿದ್ದವರನ್ನು ತಡೆದು, ಪುಸ್ತಕಗಳನ್ನು ಕಿತ್ತುಕೊಂಡು ರಸ್ತೆಯಲ್ಲೇ ಸುಟ್ಟರು. ಅದೇ ತಿಂಗಳು ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರಲ್ಲಿ ಅದು ಕಾನೂನೂ ಆಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೆ ಬಾಗಿಲ ಹೊರಗೆ ಯಾರು ಬಂದು ನಿಲ್ಲುತ್ತಾರೋ ಅನ್ನುವ ಅಳುಕು ಮಾತ್ರ ಕಾನೂನಿಗೆ ಮುಂಚೆಯೂ ಇತ್ತು, ಆಮೇಲೂ ಇದೆ.

ರೈಸ್ ಅವರ ಅಪ್ಪನ ಹೆಸರೂ ಬೆಂಜಮಿನ್ ರೈಸ್. ಲಂಡನ್ ಮಿಷನ್ನಿನ ಪಾದ್ರಿ. ಹೆಂಡತಿ ಜೇನ್ ಜೊತೆ ಅವರು ಬೆಂಗಳೂರಿಗೆ ಬಂದ ವರ್ಷ 1837. ಅದೇ ವರ್ಷ ಜುಲೈ 17ಕ್ಕೆ ಲೂಯಿಸ್ ಹುಟ್ಟಿದ. ಅಂದರೆ ಅಪ್ಪ ಅಮ್ಮನ ಕನ್ನಡಕ್ಕೂ ಕೂಸಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬಾಣಂತನಕ್ಕೆ ತವರಿನವರು ಯಾರೂ ಇಲ್ಲದ ಊರು. ಒಂದು ಕಡೆ ಅಪ್ಪ ಮುನ್ಷಿಯ ಮುಂದೆ ಕೂತು ಕನ್ನಡ ಅಕ್ಷರ ತಿದ್ದುವುದು, ಇನ್ನೊಂದು ಕಡೆ ಮಗು ಆಯಾಳ ಸೊಂಟದ ಮೇಲೆ ಕೂತು ಅದೇ ಭಾಷೆ ಕೇಳಿಸಿಕೊಳ್ಳುವುದು. ಇಂಥ ಮನೆಗಳಲ್ಲಿ ಯಾರಿಗೆ ಮೊದಲು ಭಾಷೆ ಬರುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಹಿರಿಯ ರೈಸ್ ಐವತ್ತು ವರ್ಷ ಇಲ್ಲೇ ದುಡಿದು 1887ರಲ್ಲಿ ಇಲ್ಲೇ ಮಣ್ಣಾದರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಪುಸ್ತಕದಂಗಡಿಗಳ ಗದ್ದಲದ ನಡುವೆ ಇರುವ ರೈಸ್ ಮೆಮೋರಿಯಲ್ ಚರ್ಚ್ ಅವರ ಹೆಸರಿನದೇ. ಪೇಟೆಯಲ್ಲಿ ನಿಂತು ಉಪದೇಶ ಮಾಡುವುದು, ಶಾಲೆ ನಡೆಸುವುದು, ಕನ್ನಡ ಬೈಬಲ್ಲಿನ ಭಾಷೆ ತಿದ್ದುವುದು ಅವರ ಕೆಲಸ. ಅವರನ್ನು ಸುಮ್ಮನೆ ಮೆರೆಸುವ ಅಗತ್ಯ ಇಲ್ಲ. ಅವರು ಬಂದಿದ್ದೇ ನಮ್ಮ ದೇವರುಗಳು ಸುಳ್ಳು ಅಂತ ನಂಬಿಕೊಂಡು. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಕನ್ನಡಪ್ರೇಮಿ ಮಾಡುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಮನೆ ನಡೆದಿದ್ದು ಜೇನ್ ಅವರಿಂದ. ಆ ಕಾಲದ ಮಿಷನ್ ಲೆಕ್ಕಪತ್ರದಲ್ಲಿ ಪಾದ್ರಿಯ ಹೆಂಡತಿ ಒಂದು ಹುದ್ದೆ ಅಲ್ಲ. ಸಂಬಳ ಗಂಡನಿಗೆ, ನೇಮಕಾತಿ ಆದೇಶ ಗಂಡನಿಗೆ. ಕೆಲಸ ಇಬ್ಬರಿಗೂ. 1840ರ ದಶಕದಲ್ಲಿ ಜೇನ್ ಮತ್ತು ಸಹಪಾದ್ರಿಯೊಬ್ಬರ ಹೆಂಡತಿ ಸೆವೆಲ್ ಸೇರಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ಶುರು ಮಾಡಿದರು. ಹೆಣ್ಣು ಓದಿದರೆ ಗಂಡ ಸಾಯುತ್ತಾನೆ ಅಂತ ನಂಬುವವರಿದ್ದ ಕಾಲ. ಇಂಥ ಮಿಷನ್ನಿನ ವಸತಿಶಾಲೆಗಳಿಗೆ ಬಂದು ಉಳಿಯುತ್ತಿದ್ದವರು ಹೆಚ್ಚಾಗಿ ಅನಾಥರು, ಹೊಸದಾಗಿ ಮತಾಂತರ ಆದವರ ಮಕ್ಕಳು. ಅವರ ಊಟ, ಬಟ್ಟೆ, ಹೇನು, ಜ್ವರ ಎಲ್ಲ ನೋಡುವುದು ಪಾದ್ರಿಯ ಹೆಂಡತಿಯ ಪಾಲು. ಬೆಳಗ್ಗೆ ಕೆಲಸದವರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಪ್ರಾರ್ಥನೆ, ರಾತ್ರಿ ಮನೆಯವರದೇ ಇಂಗ್ಲಿಷ್ ಪ್ರಾರ್ಥನೆ, ಭಾನುವಾರ ಸಂಡೇ ಸ್ಕೂಲು. ಮಿಷನ್ ಬಂಗಲೆಗಳ ದಿನಚರಿ ಹೀಗೆ ಗಡಿಯಾರದ ಥರ ಇರುತ್ತಿತ್ತು. ಮಧ್ಯದಲ್ಲಿ ತೊಟ್ಟಿಲು, ಮತ್ತೆ ಇನ್ನೊಂದು ತೊಟ್ಟಿಲು. ಲೂಯಿಸ್ ಹುಟ್ಟಿ ಹನ್ನೆರಡು ವರ್ಷಕ್ಕೆ, 1849ರಲ್ಲಿ, ತಮ್ಮ ಎಡ್ವರ್ಡ್ ಪೀಟರ್ ಹುಟ್ಟಿದ.

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಆದರೆ ಆ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಆರೇಳು ವರ್ಷ ಆಗುತ್ತಿದ್ದಂತೆ ಊರಿಗೆ ಕಳಿಸಿಬಿಡುವುದು. ಊರು ಅಂದರೆ ಇಂಗ್ಲೆಂಡು, ಜರ್ಮನಿ, ಸ್ವಿಟ್ಜರ್ಲೆಂಡು. ಆಫ್ರಿಕಾ ಸುತ್ತಿಕೊಂಡು ಹೋಗುವ ಹಡಗಿನಲ್ಲಿ ಸುಮಾರು ನಾಲ್ಕು ತಿಂಗಳ ದಾರಿ. ಕಾರಣ ಕೇಳಿದರೆ ಒಂದು, ಕಾಲರಾ ಮತ್ತು ಜ್ವರ. ಅದು ನಿಜವಾದ ಭಯ, ಮಿಷನ್ ಸ್ಮಶಾನಗಳಲ್ಲಿ ಮಕ್ಕಳ ಗೋರಿಗಳು ಎಷ್ಟಿವೆ ಅಂತ ಹೋಗಿ ನೋಡಿ. ಎರಡನೇ ಕಾರಣ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ: ಮಗು ಆಯಾಳ ಭಾಷೆ, ಆಯಾಳ ಕಥೆ, ಆಯಾಳ ದೇವರನ್ನು ಕಲಿತುಬಿಡುತ್ತೆ. ಹೀಗೆ ಬಂದ ಮಕ್ಕಳಿಗೆಂದೇ ಇಂಗ್ಲೆಂಡಿನಲ್ಲಿ 1838ರಲ್ಲಿ ಹೆಣ್ಣುಮಕ್ಕಳ ಶಾಲೆ, 1842ರಲ್ಲಿ ಗಂಡುಮಕ್ಕಳ ಶಾಲೆ ತೆರೆದರು. ಬಾಸೆಲ್ ಮಿಷನ್ 1853ರಲ್ಲಿ ಮಕ್ಕಳ ಮನೆಯನ್ನೇ ಮಾಡಿತು. ಅಲ್ಲಿ ಇದು ಅಪ್ಪ ಅಮ್ಮ ಯೋಚಿಸಿ ಮಾಡುವ ತೀರ್ಮಾನ ಆಗಿ ಉಳಿಯಲಿಲ್ಲ, ಮಿಷನ್ನಿನ ನಿಯಮವೇ ಆಯಿತು.

ಈ ನಿಯಮ ಏನು ಮಾಡುತ್ತಿತ್ತು ಅನ್ನೋದಕ್ಕೆ ಪಕ್ಕದ ಮನೆಗಳನ್ನು ನೋಡಬೇಕು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟರು. ಮತ್ತೆ ಅಪ್ಪ ಅಮ್ಮನನ್ನು ಕಂಡಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಈಕೆಯ ಮಗ ಹರ್ಮನ್ ಹೆಸ್ಸೆ ಕಾದಂಬರಿಕಾರನಾಗಿ 1946ರಲ್ಲಿ ನೊಬೆಲ್ ತಗೊಂಡ. ನಮ್ಮ ಕಿಟೆಲ್ ಮನೆಯದು ಇನ್ನೊಂದು ಬಗೆ. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯನ್ನೇ ಮದುವೆಯಾದರು. ತಾಯಿಯ ಜಾಗಕ್ಕೆ ಚಿಕ್ಕಮ್ಮ ಬಂದರು. 1894ರ ಕಿಟೆಲ್ ನಿಘಂಟಿನಲ್ಲಿ 70 ಸಾವಿರದಷ್ಟು ಪದಗಳಿವೆ. ಆ ಪದಗಳನ್ನು ಕೂಡಿಸುವಷ್ಟು ವರ್ಷ ಮನೆಯಲ್ಲಿ ಮಕ್ಕಳ ಮೂಗು ಒರೆಸಿದವರು ಯಾರು ಅನ್ನೋ ಲೆಕ್ಕ ಮುನ್ನುಡಿಗಳಲ್ಲಿ ಸಿಗೋದಿಲ್ಲ.

ಲೂಯಿಸ್ ರೈಸ್ ಕೂಡ ಇಂಗ್ಲೆಂಡಿನಲ್ಲೇ ಓದಿದವರು. ಇದರಲ್ಲಿ ನನಗೆ ಕಾಣುವ ವಿಪರ್ಯಾಸ ಒಂದೇ. ಬೆಂಗಳೂರಿನಲ್ಲಿ ಜೇನ್ ಯಾರ ಯಾರದೋ ಹೆಣ್ಣುಮಕ್ಕಳಿಗೆ ಅಮ್ಮನ ಥರ ಇದ್ದರು. ಆಕೆಯ ಸ್ವಂತ ಮಗನನ್ನು ಸಮುದ್ರದ ಆಚೆ ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಕಾಗದ ಬರೆದು ಉತ್ತರ ಬರೋದರೊಳಗೆ ಮಗ ಒಂದು ಅಂಗುಲ ಉದ್ದ ಆಗಿರುತ್ತಿದ್ದ. ಇದನ್ನು ತ್ಯಾಗ ಅಂತ ಮಿಷನ್ನಿನವರು ಕರೆದರು. ಮಗುವನ್ನು ಕೇಳಿದ್ದರೆ ಅದು ಬೇರೆ ಹೆಸರು ಹೇಳುತ್ತಿತ್ತೇನೋ. ದೇವರ ಕೆಲಸ ಅಂದ ತಕ್ಷಣ ಯಾರ ಬಾಲ್ಯದ ಮೇಲಾದರೂ ಕೈ ಹಾಕಬಹುದು ಅನ್ನುವುದು ಒಂದೇ ಧರ್ಮದ ಚಾಳಿ ಅಲ್ಲ ಬಿಡಿ.

1860ರಲ್ಲಿ ಲೂಯಿಸ್ ವಾಪಸ್ ಬಂದರು. ವಯಸ್ಸು ಇಪ್ಪತ್ಮೂರು. ಆದರೆ ಅಪ್ಪನ ಅಂಗಿ ತೊಟ್ಟು ಪಾದ್ರಿಯಾಗಿ ಬರಲಿಲ್ಲ. ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾಗಿ, ಸರ್ಕಾರಿ ನೌಕರಿಗೆ ಬಂದರು. ಮುಂದೆ ಸೆಂಟ್ರಲ್ ಕಾಲೇಜ್ ಆಗಿ ಬೆಳೆದ ಶಾಲೆ ಅದು. ಐದು ವರ್ಷಕ್ಕೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್. 1868ರಲ್ಲಿ ಶಿಕ್ಷಣ ಇಲಾಖೆಯ ಹಂಗಾಮಿ ನಿರ್ದೇಶಕರಾಗಿದ್ದಾಗ ಹೋಬಳಿ ಶಾಲೆಗಳ ಯೋಜನೆ ಬರೆದರು: ಪ್ರತಿ ಹೋಬಳಿಗೊಂದು ಸರ್ಕಾರಿ ಶಾಲೆ, ಊರಿನ ಮಾತಿನಲ್ಲಿ ಪಾಠ. ಆರನೇ ವಯಸ್ಸಿಗೆ ಮಗು ಮನೆ ಬಿಟ್ಟು ದೂರ ಹೋಗಬೇಕಿಲ್ಲ, ನಡೆದುಕೊಂಡು ಹೋಗಿ ಬರುವ ದೂರದಲ್ಲಿ ಶಾಲೆ ಇರಬೇಕು ಅನ್ನುವುದು ಆ ಯೋಜನೆಯ ಅರ್ಥ. ರೈಸ್ ತಮ್ಮ ಬಾಲ್ಯ ನೆನೆದು ಅದನ್ನು ಬರೆದರು ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ ಅಷ್ಟೇ.

1869ರಲ್ಲಿ ಮೇರಿ ಸೋಫಿಯಾ ಗ್ಯಾರೆಟ್ ಅವರನ್ನು ಮದುವೆಯಾದರು. ಈ ಸಂಬಂಧ ಸ್ವಾರಸ್ಯದ್ದು. ಮೇರಿಯ ಅಪ್ಪ ಜಾನ್ ಗ್ಯಾರೆಟ್ ಮೊದಲು ವೆಸ್ಲಿಯನ್ ಮಿಷನ್ನಿನಲ್ಲಿದ್ದವರು, ಆಮೇಲೆ ಮೈಸೂರಿನ ಶಿಕ್ಷಣ ಇಲಾಖೆಯ ನಿರ್ದೇಶಕ. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ 1849ರಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಸೇರಿಸಿ ಭಗವದ್ಗೀತೆ ಅಚ್ಚು ಹಾಕಿಸಿದವರು ಇದೇ ಗ್ಯಾರೆಟ್. ಗಂಡನ ಮನೆಯಲ್ಲಿ ಕನ್ನಡ ಬೈಬಲ್ ತಿದ್ದಿದ ಮಾವ, ತವರಿನಲ್ಲಿ ಗೀತೆ ಅಚ್ಚು ಮಾಡಿದ ಅಪ್ಪ. ಮೇರಿಯ ಸಂಸಾರ ದೊಡ್ಡದು, ಮನೆ ತುಂಬ ಮಕ್ಕಳು. ಗಂಡ ವರ್ಷದಲ್ಲಿ ತಿಂಗಳುಗಟ್ಟಲೆ ಟೂರ್ ಮೇಲೆ, ಕುದುರೆ ಮತ್ತು ಡೇರೆಯ ಜೀವನ. ಮತ್ತೆ ಅದೇ ಲೆಕ್ಕ. ಒಬ್ಬರು ಕಲ್ಲು ಓದಬೇಕಾದರೆ ಇನ್ನೊಬ್ಬರು ಮನೆ ಓದಬೇಕು.

ಶಾಲೆ ತಪಾಸಣೆಗೆ ಹೋದ ಹಳ್ಳಿಗಳಲ್ಲೇ ರೈಸ್ ಅವರಿಗೆ ಶಾಸನಗಳ ಹುಚ್ಚು ಹತ್ತಿದ್ದು. 1876ರಿಂದ ಅವರ ಮೈಸೂರು ಗೆಜೆಟಿಯರ್‌ನ ಸಂಪುಟಗಳು ಬಂದವು. ಅದೇ ಹೊತ್ತಿಗೆ ನಾಡಿನಲ್ಲಿ ಧಾತು ಈಶ್ವರದ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ರಲ್ಲಿ 41.86 ಲಕ್ಷಕ್ಕೆ ಇಳಿಯಿತು. ರೈಸ್ ಊರುಗಳನ್ನು ಪುಸ್ತಕಕ್ಕೆ ಸೇರಿಸುತ್ತಿದ್ದಾಗಲೇ ಊರುಗಳು ಖಾಲಿಯಾಗುತ್ತಿದ್ದವು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಆ ಬರದಲ್ಲಿ ಅಪ್ಪ ಅಮ್ಮ ಕಳೆದುಕೊಂಡ ನೂರಾರು ಮಕ್ಕಳನ್ನು ಕೂಡಿಹಾಕಿಕೊಂಡು ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಕೋಲಾರದವರು ಈಗಲೂ ಇಟಿಸಿಎಂ ಅಂತ ಕರೆಯುವ ಆಸ್ಪತ್ರೆ ಅದೇ ಮೆಥಡಿಸ್ಟರು ಮುಂದೆ ಕಟ್ಟಿದ್ದು. ಹಸಿದ ಮಗುವಿಗೆ ಅನ್ನ ಹಾಕಿ ಬ್ಯಾಪ್ಟಿಸಂ ಕೊಡುವುದು ಸರಿಯೇ ಅನ್ನುವ ಪ್ರಶ್ನೆಯನ್ನು ಖಂಡಿತ ಕೇಳಬೇಕು. ಅದರ ಜೊತೆಗೇ, ಆ ಮಕ್ಕಳನ್ನು ಎತ್ತಿಕೊಳ್ಳೋಕೆ ಬೇರೆ ಎಷ್ಟು ಕೈ ಬಂದವು ಅಂತಲೂ ಕೇಳಬೇಕು. ಜಾತಿ ಗೊತ್ತಿಲ್ಲದ ಕೂಸನ್ನು ಒಳಗೆ ಕರೆದುಕೊಳ್ಳುವ ಮನೆಗಳು ಆಗ ಎಷ್ಟಿದ್ದವು?

ಮುಂದಿನದು ಬಹುಪಾಲು ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. 1884ರಲ್ಲಿ ನಾಗವರ್ಮನ ವ್ಯಾಕರಣ, 1886ರಲ್ಲಿ ಕೊಡಗಿನ ಶಾಸನಗಳು, 1889ರಲ್ಲಿ ಶ್ರವಣಬೆಳಗೊಳದ್ದು. 1890ರಿಂದ ಅವರು ಪೂರ್ಣಾವಧಿ ಪುರಾತತ್ವ ನಿರ್ದೇಶಕ. 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಅಶೋಕನ ಶಾಸನಗಳು. 1898ರಲ್ಲಿ ಪಂಪಭಾರತದ ಅಚ್ಚು. ಹನ್ನೆರಡು ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಸನ. ಇದನ್ನು ಒಬ್ಬ ದೊರೆ ಒಂಟಿಯಾಗಿ ಮಾಡಲಿಲ್ಲ. ಅಕ್ಷರ ಬಿಡಿಸಿ ಅರ್ಥ ಹೇಳಿದ ಬ್ರಾಹ್ಮಣ ಪಂಡಿತರು, ಜೈನ ಪಂಡಿತರು, ಕಲ್ಲು ತೊಳೆದು ಅಚ್ಚೆತ್ತಿದ ನೌಕರರು ಜೊತೆಗಿದ್ದರು. ಪುಸ್ತಕದ ಬೆನ್ನಿನ ಮೇಲೆ ಉಳಿದ ಹೆಸರು ಒಂದೇ.

ಕೋಲಾರದ ಸಂಪುಟಕ್ಕೆ ವಾಪಸ್ ಬರೋಣ. ಅದನ್ನು ಓದಿದರೆ ಈ ಜಿಲ್ಲೆ ಯಾರದು ಅನ್ನುವ ಜಗಳಕ್ಕೆ ಒಂದೇ ಸಾಲಿನ ಉತ್ತರ ಸಿಗುವುದಿಲ್ಲ. ಗಂಗರು, ನೊಳಂಬರು, ಬಾಣರ ಕನ್ನಡ ಕಲ್ಲುಗಳಿವೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಇದೆ. ತೆಲುಗಿದೆ, ಸಂಸ್ಕೃತವಿದೆ. ಇವತ್ತಿಗೂ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ಮಗುವಿಗೆ ಅಮ್ಮ ಊಟ ಮಾಡಿಸುವುದು ತೆಲುಗಿನಲ್ಲಿ, ಶಾಲೆಯಲ್ಲಿ ಪಾಠ ಕನ್ನಡದಲ್ಲಿ, ಅಪ್ಪನ ಕನಸು ಇಂಗ್ಲಿಷಿನಲ್ಲಿ. ಮಾಲೂರು ತಾಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ರೈಸ್ ಮನೆಯಲ್ಲಿ ಇಂಗ್ಲಿಷು ಒಳಗೆ, ಕನ್ನಡ ಅಂಗಳದಲ್ಲಿ. ಅಂಗಳದ ಭಾಷೆ ಮಗುವನ್ನು ಕೆಡಿಸುತ್ತೆ ಅಂತ ಹೆದರಿದ ಕಾಲದಲ್ಲೂ ಆ ಮನೆಯಿಂದ ಇಬ್ಬರು ಕನ್ನಡದ ಕೆಲಸಕ್ಕೆ ಬಂದರು. ಅಣ್ಣ ಶಾಸನ ಕೂಡಿಸಿದ. ತಮ್ಮ ಇ.ಪಿ. ರೈಸ್ ಪಾದ್ರಿಯೇ ಆದ, 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ. ಒಬ್ಬ ಅಪ್ಪನ ನಂಬಿಕೆಯ ಕೆಲಸ ಮುಂದುವರಿಸಿದ, ಇನ್ನೊಬ್ಬ ಬೇರೆ ದಾರಿ ಹಿಡಿದ. ಹಿಡಿಯೋಕೆ ಮನೆ ಬಿಟ್ಟಿತು ಅನ್ನೋದೇ ನನಗೆ ಮುಖ್ಯ. ಮಕ್ಕಳನ್ನು ಧರ್ಮದಲ್ಲಿ ಬೆಳೆಸುವುದು ಅಂದರೆ ಬೇರೆಯವರ ಗುಡಿಯ ಕಡೆ ಕಣ್ಣೆತ್ತಿ ನೋಡದ ಹಾಗೆ ಬೆಳೆಸುವುದು ಅಂತ ತಿಳಿದ ಅಪ್ಪ ಅಮ್ಮಂದಿರು ಎಲ್ಲ ಧರ್ಮದಲ್ಲೂ ಇದ್ದಾರೆ, ಇವತ್ತು ವಾಟ್ಸಾಪ್ ಫ್ಯಾಮಿಲಿ ಗ್ರೂಪುಗಳಲ್ಲಿ ಇನ್ನೂ ಜಾಸ್ತಿ ಇದ್ದಾರೆ.

ಮುಳಬಾಗಿಲು ತಾಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ, ಶಾಸನಗಳಿವೆ. ಊರಿನವರಿಗೆ ಅದಕ್ಕಿಂತ ದೊಡ್ಡದು ಬೆಟ್ಟದ ಕಥೆ. ಕಾಡಿಗೆ ಅಟ್ಟಿದ ಸೀತೆ ಲವ ಕುಶರನ್ನು ಹೆತ್ತು ಸಾಕಿದ್ದು ಇಲ್ಲೇ ಅಂತ ನಂಬಿಕೆ. ಗಂಡನಿಲ್ಲದೆ, ತವರಿಲ್ಲದೆ, ಬೇರೆಯವರ ಆಶ್ರಮದಲ್ಲಿ ಎರಡು ಕೂಸು ಬೆಳೆಸಿದ ತಾಯಿಯ ಬೆಟ್ಟ ಅದು. ಮಕ್ಕಳಾಗದವರು ಇವತ್ತಿಗೂ ಅಲ್ಲಿಗೆ ಹರಕೆ ಹೊರುತ್ತಾರೆ. ಆ ಬೆಟ್ಟದ ತಪ್ಪಲಿನ ಅಕ್ಷರಗಳನ್ನು ಅಚ್ಚಿಗೆ ತಂದಿದ್ದು ಪಾದ್ರಿಯ ಮಗ.

ಇನ್ನೊಂದು ಬಗೆಯ ಕಲ್ಲುಗಳೂ ಈ ಸಂಪುಟದಲ್ಲಿವೆ, ವೀರಗಲ್ಲುಗಳು. ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು, ಊರು ಕಾಯಲು ಹೋಗಿ ಸತ್ತವನು. ಇಂಥ ಕಲ್ಲುಗಳಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ಮಾತು ಬರುತ್ತೆ. ನೆತ್ತರುಗೊಡಗೆ ಅಂತ ಹೆಸರು. ನೆತ್ತರಿಗೆ ಕೊಟ್ಟ ಭೂಮಿ. ಯುದ್ಧದ ಕಥೆ ಹೇಳುವವರು ಕತ್ತಿಯ ಕಡೆ ನೋಡುತ್ತಾರೆ. ನನಗೆ ಅದು ಅಪ್ಪ ಸತ್ತ ಮಕ್ಕಳ ಅನ್ನದ ದಾಖಲೆ ಅನ್ನಿಸುತ್ತೆ. ಈ ಮಕ್ಕಳ ಹೊಣೆ ಊರಿನದು ಅಂತ ಕಲ್ಲಿನಲ್ಲಿ ಬರೆಸಿದ್ದಾರೆ, ನಾಳೆ ಯಾರೂ ಮಾತು ತಪ್ಪದಿರಲಿ ಅಂತ.

ಕೋಲಾರದ ಸಂಪುಟ ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, ಕಿಟೆಲ್ ನಿಘಂಟು ಅಚ್ಚಾದ ಜಾಗದಲ್ಲೇ. ಅದು ಬಂದ ಮರುವರ್ಷ, 1906ರಲ್ಲಿ, ರೈಸ್ ನಿವೃತ್ತರಾದರು. ಇಲಾಖೆ ಆರ್. ನರಸಿಂಹಾಚಾರ್ಯರ ಕೈಗೆ ಬಂತು. ರೈಸ್ ಇಂಗ್ಲೆಂಡಿಗೆ ಹೋಗಿ ಲಂಡನ್ ಹತ್ತಿರದ ಹ್ಯಾರೋದಲ್ಲಿ ನೆಲೆಸಿದರು. ಅಲ್ಲಿ ಕೂತು, ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಒಂದೇ ಪುಸ್ತಕದಲ್ಲಿ ಬರೆದು 1909ರಲ್ಲಿ ಪ್ರಕಟಿಸಿದರು. ಅಪ್ಪ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಸತ್ತವರು. ಬೆಂಗಳೂರಿನಲ್ಲಿ ಹುಟ್ಟಿದ ಮಗ ಹ್ಯಾರೋದಲ್ಲಿ ತೀರಿಕೊಂಡಿದ್ದು 1927ರ ಜುಲೈ 10ರಂದು. ತೊಂಬತ್ತು ತುಂಬೋಕೆ ಒಂದು ವಾರ ಬಾಕಿ ಇತ್ತು.